ಮಾರ್ಚ್ ಪರೀಕ್ಷೆಗೆ ಕುಳಿತ ಬಸಳೆ

ದಕ್ಷಿಣ ಕನ್ನಡದ ನಮ್ಮ ತೋಡಾರಿನ ಕಡೆ ಜೂನ್ ತಿಂಗಳಲ್ಲಿ ಗಿಡ ನೆಡುವುದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ಬೇಲಿಗೆಂದು ಹುಗಿದ ಗೂಟವೂ ಆ ತಿಂಗಳಲ್ಲಿ ಚಿಗುರುತ್ತದೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಜಿಲ್ಲೆ ಇದು, ಅದರಲ್ಲೂ ಬಹುಪಾಲು ನಾಲ್ಕೇ ತಿಂಗಳಲ್ಲಿ. ಜೂನ್ 5ರ ಪರಿಸರ ದಿನದಂದು ಶಾಲೆಯಂಗಳದಲ್ಲಿ ನೆಟ್ಟ ಸಸಿ ಆಟಿ ತಿಂಗಳವರೆಗೆ ಬದುಕಿದರೆ ಪುಣ್ಯ ಸೇರಬೇಕಾದದ್ದು ಮಳೆಗೇ ಹೊರತು, ಒಂದೇ ಹಾರೆಗೆ ಹತ್ತು ಕೈ ತಾಗಿಸಿ ಫೋಟೋಕ್ಕೆ ನಿಂತವರಿಗಲ್ಲ. ಪ್ರತಿ ವರ್ಷ ಅದೇ ಹೊಂಡದಲ್ಲಿ ಗಿಡ ನೆಡುವ ಶಾಲೆಗಳೂ ಉಂಟೆಂದು ಮಾಷ್ಟ್ರೊಬ್ಬರು ತಮಾಷೆ ಮಾಡುತ್ತಿದ್ದರು. ಹೊಸ ಹೊಂಡ ತೆಗೆಯುವ ಕೆಲಸ ಉಳಿಯುತ್ತದಂತೆ.

ಗಿಡದ ನಿಜವಾದ ಪರೀಕ್ಷೆ ಮಾರ್ಚಿನಲ್ಲಿ, ಮಕ್ಕಳ ಪರೀಕ್ಷೆಯ ಜತೆಜತೆಗೆ. ಇಲ್ಲಿಯದು ಮುರಕಲ್ಲಿನ ನೆಲ. ಮಳೆಗಾಲದಲ್ಲಿ ಕುಡಿದ ನೀರನ್ನೆಲ್ಲ ತಗ್ಗಿಗೆ ಬಿಟ್ಟುಕೊಟ್ಟು, ಫೆಬ್ರವರಿ ದಾಟುವಾಗ ಕಾವಲಿಯಂತೆ ಕಾದಿರುತ್ತದೆ. ಬಾವಿಗೆ ಇಳಿಸಿದ ಕೊಡಪಾನ ತಳಕ್ಕೆ ತಾಗಿ ಸದ್ದು ಮಾಡುತ್ತದೆ. ಆ ಹೊತ್ತಿನಲ್ಲೂ ಯಾವುದಾದರೂ ಶಾಲೆಯ ತೋಟ ಹಸಿರಾಗಿ ಕಂಡರೆ, ಅಲ್ಲಿ ಯಾರೋ ಭಾಷಣ ಮಾಡದೆ ನೀರು ಹಾಕಿದ್ದಾರೆ ಎಂದು ತಿಳಿಯಬೇಕು.

ಹಳೆ ವಿದ್ಯಾರ್ಥಿ ಎಂಬ ಹಕ್ಕಿನಿಂದ ನಾನು ಆಗಾಗ ಹೊಕ್ಕು ಬರುವ ಸರಕಾರಿ ಶಾಲೆಯೊಂದರಲ್ಲಿ ಅಂಥ ತೋಟ ಉಂಟು. ತೋಟವೆಂದರೆ ಅಡುಗೆಕೋಣೆಯ ಹಿಂದಿನ ನಾಲ್ಕು ಸಾಲು, ಒಂದು ಬಸಳೆ ಚಪ್ಪರ, ಐದಾರು ಬಾಳೆ, ಮೂಲೆಯಲ್ಲಿ ಒಂದು ನುಗ್ಗೆ. ಮಕ್ಕಳು ಊಟ ಮುಗಿಸಿ ಬಟ್ಟಲು ತೊಳೆಯುವ ನಳ್ಳಿಗಳ ಬುಡದಿಂದ ಒಂದು ಕಣಿ ಹೊರಟು ಬಾಳೆಯ ಕಡೆಗೆ ಹೋಗುತ್ತದೆ. ಕಣಿಯ ಬಾಯಿಗೆ ತೆಂಗಿನ ನಾರು ತುರುಕಿದ್ದಾರೆ. ಅನ್ನದ ಅಗುಳು ಅಲ್ಲೇ ನಿಲ್ಲುತ್ತದೆ, ನೀರು ಮಾತ್ರ ಮುಂದೆ ಸಾಗುತ್ತದೆ. ಅಗುಳನ್ನು ಗೋರಿ ಗೊಬ್ಬರದ ಹೊಂಡಕ್ಕೆ ಹಾಕಿ, ಮೇಲೆ ಎರಡು ಹಿಡಿ ತರಗೆಲೆ ಉದುರಿಸುವುದು ಮಕ್ಕಳ ಸರದಿಯ ಕೆಲಸ. ತರಗೆಲೆ ಮರೆತರೆ ಮರುದಿನ ನೊಣ ಬಂದು ನೆನಪಿಸುತ್ತದೆ. ಅಕ್ಕಿ ತೊಳೆದ ನೀರನ್ನು ಅಡುಗೆಯ ಅಕ್ಕ ಬಸಳೆಗೆ ಮೀಸಲಿಟ್ಟಿದ್ದಾರೆ. ಅದನ್ನು ಬೇರೆ ಗಿಡಕ್ಕೆ ಹಾಕಿದವರಿಗೆ ಬೈಗುಳ ಗ್ಯಾರಂಟಿ.

ಇದರಲ್ಲಿ ಹೊಸ ವಿದ್ಯೆ ಯಾವುದೂ ಇಲ್ಲ. ಬಚ್ಚಲ ನೀರು ಹೋಗುವಲ್ಲಿ ಬಾಳೆಯೋ ಕೆಸುವೋ ಇಲ್ಲದ ಮನೆ ನಮ್ಮ ಕಡೆ ಅಪರೂಪವಾಗಿತ್ತು. ಹೊಸತೆಂದರೆ ಈ ಕೆಲಸಕ್ಕೆ ಈಗ ಮಂತ್ರಿ ಇದ್ದಾನೆ. ಶಾಲಾ ಮಂತ್ರಿಮಂಡಲದಲ್ಲಿ ಕೃಷಿ ಖಾತೆಗೆ ಪೈಪೋಟಿ ಇರಲಿಕ್ಕಿಲ್ಲ ಎಂದು ನಾನು ಎಣಿಸಿದ್ದೆ. ಜೋರು ಪೈಪೋಟಿ ಉಂಟಂತೆ. ಕೃಷಿ ಮಂತ್ರಿಯಾದರೆ ಗಣಿತದ ಪೀರಿಯಡ್ಡಿಗೆ ಹತ್ತು ನಿಮಿಷ ತಡವಾಗಿ, ಕೆಸರುಗಾಲಿನಲ್ಲಿ, ಗೌರವದಿಂದ ಬರಬಹುದು.

ಇಂಥ ತೋಟದಿಂದ ಎಷ್ಟು ಉಳಿತಾಯ ಎಂದು ಕೇಳುವವರು ಇದ್ದಾರೆ. ಲೆಕ್ಕ ಸುಲಭ. ಬಿಸಿಯೂಟದ ನಿಯಮದಂತೆ ದಿನಕ್ಕೆ ಐದನೇ ತರಗತಿಯವರೆಗಿನ ಮಗುವಿಗೆ 50 ಗ್ರಾಂ, ಅದರ ಮೇಲಿನವರಿಗೆ 75 ಗ್ರಾಂ ತರಕಾರಿ. ನೂರು ಮಕ್ಕಳಿದ್ದರೆ ದಿನಕ್ಕೆ ಐದು ಕಿಲೋಗೂ ಹೆಚ್ಚು ಬೇಕು. ನಾಲ್ಕು ಸಾಲು ಬೆಂಡೆ ಅಷ್ಟನ್ನು ದಿನಾ ಕೊಡುವ ಮಾತೇ ಇಲ್ಲ. 2002ರಲ್ಲಿ ಈಶಾನ್ಯ ಕರ್ನಾಟಕದ ಕಡೆ ಶುರುವಾದ ಅಕ್ಷರ ದಾಸೋಹದ ಬಿಸಿಯೂಟ ಮರುವರ್ಷ ನಮ್ಮಲ್ಲಿಗೂ ಬಂತು. ಆಮೇಲೆ ಜಿಲ್ಲೆಯ ಶಾಲೆಗಳಲ್ಲಿ ಅಕ್ಷರ ಕೈತೋಟಗಳು ಎದ್ದವು. ಅಂಗಡಿಯಿಂದ ತರಕಾರಿ ತರುವುದು ಅದರಿಂದ ನಿಂತಿಲ್ಲ. ತಾವೇ ಬೆಳೆದ ತರಕಾರಿಯನ್ನು ಮಕ್ಕಳು ಆಸೆಪಟ್ಟು ತಿನ್ನುತ್ತಾರೆ ಎಂಬ ಮಾತೂ ಉಂಟು. ಅಲಸಂಡೆಯ ಮಟ್ಟಿಗೆ ನಿಜವಿರಬಹುದು. ಹಾಗಲಕಾಯಿ ಯಾರು ಬೆಳೆದರೂ ಹಾಗಲಕಾಯಿಯೇ. ಮಕ್ಕಳು ಕಲಿಯುವುದು ಬೇರೆ ಪಾಠ: ಎರಡು ತಿಂಗಳು ಕಾದ ಅಲಸಂಡೆಯನ್ನು ಶನಿವಾರ ಕೊಯ್ಯೋಣವೆಂದು ಬಿಟ್ಟರೆ, ಶುಕ್ರವಾರ ಸಂಜೆ ನವಿಲು ಬಂದು ಕೊಯ್ದು ಹೋಗಿರುತ್ತದೆ. ನವಿಲಿನ ಮೇಲೆ ಕೇಸು ಹಾಕಲಿಕ್ಕಾಗುವುದಿಲ್ಲ. ಪುನಃ ಬಿತ್ತಬೇಕು.

ನವಿಲಿಗಿಂತ ದೊಡ್ಡ ಶತ್ರು ಬೇಸಿಗೆ ರಜೆ. ಏಪ್ರಿಲಿನಲ್ಲಿ ಶಾಲೆಗೆ ಬೀಗ ಬೀಳುತ್ತದೆ, ನಳ್ಳಿ ನಿಲ್ಲುತ್ತದೆ, ಮಂತ್ರಿಮಂಡಲ ಅಜ್ಜಿಮನೆಗೆ ಹೋಗುತ್ತದೆ. ನೆಲದೊಳಗೆ ಮಲಗಿರುವ ಸುವರ್ಣಗೆಡ್ಡೆಗೆ ಯಾರ ಹಂಗೂ ಇಲ್ಲ. ಬಾಕಿಯವಕ್ಕೆ ಉಪಾಯ ಮಾಡಬೇಕು. ಬಸಳೆಯ ಬಳ್ಳಿಯನ್ನು ತುಂಡು ಮಾಡಿ ನೀರಿನ ಅನುಕೂಲವಿರುವ ಮನೆಗಳಿಗೆ ಹಂಚುತ್ತಾರೆ. ಒಣಗಿದ ಅಲಸಂಡೆ, ಬೆಂಡೆಯ ಬೀಜ ಬೂದಿಯೊಂದಿಗೆ ಬಾಟಲಿ ಸೇರುತ್ತದೆ. ಸೌತೆ ಬೀಜವನ್ನು ಸೆಗಣಿಯಲ್ಲಿ ಕಲಸಿ ಗೋಡೆಗೆ ತಟ್ಟುವುದು ಹಳೆಯ ಕ್ರಮ. ಈಗ ಪೇಂಟು ಬಳಿದ ಗೋಡೆಗೆ ಸೆಗಣಿ ತಟ್ಟಿದರೆ ಅಮ್ಮಂದಿರು ಸುಮ್ಮನಿರುತ್ತಾರೆಯೇ? ಆರನೇ ತರಗತಿಯ ಹುಡುಗಿಯೊಬ್ಬಳು ಅಡಿಕೆ ಹಾಳೆಯ ತುಂಡಿಗೆ ತಟ್ಟಿ, ಅದಕ್ಕೆ ತೂತು ಕೊರೆದು, ಹಗ್ಗ ಕಟ್ಟಿ ಬಚ್ಚಲುಕೊಟ್ಟಿಗೆಯ ಹೊಗೆಯಲ್ಲಿ ತೂಗುಹಾಕಿದಳು. ಶಾಲೆ ತೆರೆದಾಗ ಹೊಗೆಗೆ ಕಪ್ಪಾದ ಹಾಳೆಯನ್ನು ಅವಳು ಚೀಲದಿಂದ ತೆಗೆದು ಟೀಚರ ಮೇಜಿನ ಮೇಲಿಟ್ಟಳು. ಒಂದು ಬೀಜಕ್ಕೂ ಹುಳ ಹಿಡಿದಿರಲಿಲ್ಲ. ಹೀಗೆ ಎರಡು ತಿಂಗಳು ಆ ತೋಟ ಊರಿನ ಹತ್ತಾರು ಹಿತ್ತಿಲುಗಳಲ್ಲಿ ಹಂಚಿಹೋಗಿ ಉಸಿರು ಹಿಡಿದಿರುತ್ತದೆ. ತುಳು ಮಾತಾಡುವ ಮನೆಯಲ್ಲಿ ಬಸಳೆ, ಬ್ಯಾರಿ ಮಾತಾಡುವ ಮನೆಯಲ್ಲಿ ಬೆಂಡೆ, ಕೊಂಕಣಿಯವರಲ್ಲಿ ಹರಿವೆ.

ಗೊಬ್ಬರದ ಹೊಂಡ ಒಪ್ಪದ ಸಾಮಾನುಗಳ ಕಥೆ ಬೇರೆ. ಎಣ್ಣೆಯ ಪ್ಯಾಕೆಟ್, ಹುಟ್ಟುಹಬ್ಬದ ಚಾಕಲೇಟಿನ ಕಾಗದ, ಬರೆದು ಮುಗಿದ ಪೆನ್ನು, ಚಿಪ್ಸಿನ ತೊಟ್ಟೆ. ಎಣ್ಣೆಯ ಪ್ಯಾಕೆಟ್ಟನ್ನು ತೊಳೆದು ಒಣಗಿಸಿ ಕೊಟ್ಟರೆ ಕೊಳ್ಳುವವರು ಸಿಕ್ಕಾರು. ಚಿಪ್ಸಿನ ತೊಟ್ಟೆಯಲ್ಲಿ ಪ್ಲಾಸ್ಟಿಕ್ ಪದರ, ಅಲ್ಯೂಮಿನಿಯಂ ಪದರ ಅಂಟಿಕೊಂಡಿರುತ್ತವೆ. ಬಿಡಿಸುವುದು ಕಷ್ಟ, ಗುಜರಿಯವನೂ ಮೂಸುವುದಿಲ್ಲ. ಇದೆಲ್ಲ ಎಲ್ಲಿಗೆ ಹೋಗುತ್ತದೆ ಎಂದು ನಮ್ಮ ಮಕ್ಕಳಿಗೆ ಹೇಳಲು ದೂರದ ಉದಾಹರಣೆ ಬೇಡ. ನಮ್ಮೂರಿನ ರಸ್ತೆಯಲ್ಲೇ ಮಂಗಳೂರಿನ ಕಡೆಗೆ ಹೋದರೆ ವಾಮಂಜೂರಿನ ಬದಿಯಲ್ಲಿ ಪಚ್ಚನಾಡಿ. ನಗರದ ಕಸ ವರ್ಷಗಟ್ಟಲೆ ಅಲ್ಲಿ ಗುಡ್ಡವಾಗಿ ಬೆಳೆದಿತ್ತು. 2019ರ ಆಗಸ್ಟಿನ ಮಳೆಗೆ ಆ ಗುಡ್ಡ ಜಾರಿ ಕೆಳಗಿನ ಮಂದಾರವೆಂಬ ಊರಿನ ಮೇಲೆ ಹರಿಯಿತು. ಅಡಿಕೆ, ತೆಂಗು, ಮನೆ ಎಲ್ಲವೂ ಕಸದಡಿಗೆ ಹೋದವು, ಜನ ಊರು ಬಿಟ್ಟರು. ಮಳೆ ಗಿಡವನ್ನೂ ಬೆಳೆಸುತ್ತದೆ, ನಾವು ಗುಡ್ಡೆ ಹಾಕಿದ್ದನ್ನೂ ಮನೆ ಬಾಗಿಲಿಗೆ ತಂದು ಕೊಡುತ್ತದೆ.

ಹಾಗೆಂದು ಹಿಂದಿನವರದೆಲ್ಲ ಸರಿ, ಈಗಿನವರದೆಲ್ಲ ತಪ್ಪು ಎಂದು ನಾನು ಹೇಳುವುದಿಲ್ಲ. ನಮ್ಮ ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆಗೆ ಬೆಂಕಿ ಹಿಡಿಸುವುದೇ ಪ್ಲಾಸ್ಟಿಕ್ ತೊಟ್ಟೆಯಿಂದ. ಬೇಗ ಹಿಡಿಯುತ್ತದೆ, ಕಸವೂ ಮುಗಿಯುತ್ತದೆ. ಹೊಗೆ ಮಾತ್ರ ನೀರು ಕಾಯಿಸುವವರ ಮೂಗಿಗೆ. ಶಾಲೆಯಲ್ಲಿ ಕೇಳಿ ಬಂದ ಮೊಮ್ಮಗ “ತೊಟ್ಟೆ ಸುಡಬಾರದು ಅಜ್ಜಿ” ಎಂದರೆ, “ಹಾಗಾದರೆ ನಾಳೆಯಿಂದ ನೀನೇ ತೆಂಗಿನ ಸಿಪ್ಪೆ ಹೆಕ್ಕಿ ತಾ” ಎಂದು ಅಜ್ಜಿ ಕೆಲಸ ಹಚ್ಚುತ್ತಾರೆ. ಪರಿಸರ ಪ್ರಜ್ಞೆ ಎಂಬುದು ಕೊನೆಗೆ ಬಂದು ನಿಲ್ಲುವುದು ಇಲ್ಲೇ: ಈ ಚಾಕರಿಯನ್ನು ದಿನಾ ಯಾರು ಮಾಡುವುದು? ಶಾಲೆಯ ತೋಟ ಆ ಪ್ರಶ್ನೆಗೆ ಸರದಿಯ ಪಟ್ಟಿ ಬರೆದು ಗೋಡೆಗೆ ಅಂಟಿಸುತ್ತದೆ. ಅದರ ದೊಡ್ಡ ಸಾಧನೆ ಅದೇ ಎಂದು ನನ್ನ ಎಣಿಕೆ.

ಈಗ ಜಿಲ್ಲೆಯ ಕೆಲವು ಸರಕಾರಿ ಶಾಲೆಗಳು ಜಾಗವಿದ್ದಲ್ಲಿ ಅಡಿಕೆ ತೋಟವನ್ನೇ ಮಾಡಿ, ಅದರ ಆದಾಯದಿಂದ ಖರ್ಚು ತೂಗಿಸಲು ಹೊರಟಿವೆ. ಇಲ್ಲಿಯೂ ಆ ಮಾತು ಬಂದು, ಊರಿನವರು ಸೇರಿ ಸಸಿ ನೆಟ್ಟರು. ಊರಿನ ತಳಿಯ ಅಡಿಕೆ ಫಲ ಕೊಡಲು ಐದರಿಂದ ಏಳು ವರ್ಷ ಬೇಕು. ಒಂದನೇ ತರಗತಿಯಲ್ಲಿ ನೆಟ್ಟ ಮಗು ಏಳನೇ ತರಗತಿ ಮುಗಿಸಿ ಹೊರಡುವ ಹೊತ್ತಿಗೆ ಹಿಂಗಾರ ಕಂಡರೆ ಅದೃಷ್ಟ. ಅಡಿಕೆಯ ಹಣ ಮುಂದಿನವರಿಗೆ. ಇದನ್ನು ನಾನು ಸ್ವಲ್ಪ ಗಂಭೀರವಾಗಿಯೇ ಮಕ್ಕಳಿಗೆ ವಿವರಿಸಿ, ನಿಮಗೆ ಬೇಸರವಿಲ್ಲವೇ ಎಂದು ಕೇಳಿದೆ. ಕೃಷಿ ಮಂತ್ರಿ ಯೋಚಿಸಿ ಹೇಳಿದ: “ಅಡ್ಡಿಲ್ಲ. ಆದ್ರೆ ಕೊಯ್ದ ಕೂಡ್ಲೆ ಮಾರುವುದು ಬೇಡ ಹೇಳಿ ಅವರಿಗೆ. ಹೊಸತಕ್ಕಿಂತ ಹಳತಕ್ಕೆ ರೇಟು ಜಾಸ್ತಿ.”