ಕಿನ್ಶಾಸಾದ ಆ ನಸುಕು

ಕಾಂಗೋ ನದಿಯ ದಂಡೆಯ ಕಿನ್ಶಾಸಾ ನಗರದಲ್ಲಿ ತಾತಾ ರಫಾಯೆಲ್ ಎಂಬ ಹಳೆಯ ಕ್ರೀಡಾಂಗಣವೊಂದಿದೆ. ಮಹಮ್ಮದ್ ಅಲಿಯೂ ಜಾರ್ಜ್ ಫೋರ್‌ಮನ್ನನೂ ಹೆವಿವೇಯ್ಟ್ ಮುಷ್ಟಿಯುದ್ಧದ ವಿಶ್ವಪಟ್ಟಕ್ಕಾಗಿ 1974ರ ಅಕ್ಟೋಬರ್ 30ರಂದು ಸೆಣಸಿದುದು ಇಲ್ಲಿಯೇ. ಅಮೆರಿಕದ ಪ್ರೇಕ್ಷಕರ ಅನುಕೂಲಕ್ಕೆಂದು ಕಾಳಗವನ್ನು ನಸುಕಿನ ನಾಲ್ಕು ಗಂಟೆಗೆ ಇಟ್ಟಿದ್ದರು. ಊರಿನ ಜನರೋ ಇರುಳೆಲ್ಲ ಎಚ್ಚರವಿದ್ದು ಕಾದರು! "ಅಲಿ, ಬೊಮಾಯೆ" ಎಂದು ಲಿಂಗಾಲ ಭಾಷೆಯಲ್ಲಿ ಮೊಳಗಿದ ಅವರ ಕೂಗನ್ನು ಅಭಿಮಾನಿಗಳು ಇಂದಿಗೂ ಮರೆತಿಲ್ಲ. 'ಅಲಿ, ಅವನನ್ನು ಕೊಲ್ಲು' ಎಂದು ಅದರ ಅರ್ಥ. ಕ್ರೂರವಾದ ಮಾತೇ ಸರಿ. ಆದರೆ ಅದರಲ್ಲಿದ್ದುದು ದ್ವೇಷಕ್ಕಿಂತ ಮಿಗಿಲಾದ ಒಲವು. ಫೋರ್‌ಮನ್ನನೂ ಆಫ್ರಿಕದ ಮೂಲದವನೇ. ಆದರೂ ಜನ ತಮ್ಮವನೆಂದು ಆರಿಸಿಕೊಂಡುದು ಅಲಿಯನ್ನು. ಹಗ್ಗಕ್ಕೊರಗಿ ಏಟುಗಳನ್ನು ಸಹಿಸಿ ನಿಂತಿದ್ದ ಆತ ಎಂಟನೆಯ ಸುತ್ತಿನಲ್ಲಿ ಎದುರಾಳಿಯನ್ನು ಕೆಡವಿದ. ಸ್ವಲ್ಪ ಹೊತ್ತಿನಲ್ಲಿಯೇ ಮಳೆ ಭೋರ್ಗರೆದು ಕ್ರೀಡಾಂಗಣವೆಲ್ಲ ನೀರಾಯಿತು.