ಎರವಲು ಹೋದ ಸೇರು

ಧಾನ್ಯವನ್ನು ಅಳೆಯುವ ಸೇರನ್ನು ನೆರೆಮನೆಗೆ ಎರವಲು ಕೊಡುವುದು ಹಿಂದಿನ ಹಳ್ಳಿಯ ಬಾಳಿನಲ್ಲಿ ತೀರ ಸಾಮಾನ್ಯವಾದ ಸಂಗತಿಯಾಗಿತ್ತು. ಕೊಂಡೊಯ್ದವರು ರಾಗಿಯನ್ನು ಅಳೆದುಕೊಂಡು ಸಂಜೆಯೊಳಗೆ ಅದನ್ನು ಮರಳಿಸುತ್ತಿದ್ದರು. ಆದರೆ ಆ ಸೇರು ನೆರೆಮನೆಯಲ್ಲಿ ಕೆಳಗೆ ಬಿದ್ದು ನೆಗ್ಗಿಹೋದರೆ ಗತಿಯೇನು? ಪಾತ್ರೆ ಮನೆಗೆ ಮರಳಿತು; ಅದರ ಹೆಸರು ಈಗಲೂ ಸೇರೇ. ಅದರಿಂದ ಅಳೆದುದು ಮಾತ್ರ ಇನ್ನು ಸೇರಲ್ಲ.

ಗಣಕಯಂತ್ರದ ಲೋಕದಲ್ಲಿಯೂ ಇಂತಹ ವ್ಯವಹಾರವು ಕ್ಷಣಕ್ಷಣವೂ ನಡೆಯುತ್ತದೆ. ದೊಡ್ಡ ಕೆಲಸವನ್ನು ಸಣ್ಣ ಕೆಲಸಗಳಾಗಿ ವಿಂಗಡಿಸಿ, ಒಂದೊಂದಕ್ಕೂ ಹೆಸರಿಟ್ಟು ಬರೆಯುವುದು ಪ್ರೋಗ್ರಾಮ್ ರಚಿಸುವವರ ರೂಢಿ. ಹೀಗೆ ಹೆಸರು ಪಡೆದ ಕೆಲಸವೇ ಫಂಕ್ಷನ್; ಅದು ಹೊರಗಿನಿಂದ ಪಡೆಯುವ ಬೆಲೆಗಳಿಗೆ ಇಟ್ಟುಕೊಂಡ ಹೆಸರುಗಳೇ ಪ್ಯಾರಾಮೀಟರುಗಳು. ಪಡೆದುದನ್ನು ಫಂಕ್ಷನ್ ನೋಡಬಹುದೇ ಹೊರತು ತಿದ್ದಬಾರದು ಎಂಬ ಕಟ್ಟಳೆಯಿದ್ದರೆ ಅದು ಸ್ಥಿರ ಪ್ಯಾರಾಮೀಟರು.

ಇಂತಹ ಕಟ್ಟಳೆ ಏಕೆ ಬೇಕೆಂಬುದನ್ನು ಫೋರ್ಟ್ರಾನ್ ಭಾಷೆಯ ಚರಿತ್ರೆಯೇ ತಿಳಿಸುತ್ತದೆ. ಐ.ಬಿ.ಎಂ. ಸಂಸ್ಥೆಯಲ್ಲಿ ಜಾನ್ ಬ್ಯಾಕಸ್ ಅವರ ತಂಡವು ಈ ಭಾಷೆಯನ್ನು 1957ರಲ್ಲಿ ಹೊರತಂದಿತು. ಅದರ ಹಳೆಯ ಕಂಪೈಲರುಗಳಲ್ಲಿ ಹಲವು, ಬೆಲೆಯ ನಕಲನ್ನು ಕೊಡದೆ, ಬೆಲೆಯಿರುವ ಸ್ಥಳವನ್ನೇ ಉಪಪ್ರೋಗ್ರಾಮಿಗೆ ತೋರಿಸಿಬಿಡುತ್ತಿದ್ದವು. 4 ಎಂಬ ಅಂಕೆಯನ್ನು ಯಂತ್ರವು ಸ್ಮೃತಿಯ ಒಂದೆಡೆ ಇಟ್ಟಿರುತ್ತಿತ್ತು. ಉಪಪ್ರೋಗ್ರಾಮು ತನಗೆ ಬಂದ ಬೆಲೆಗೆ ಒಂದನ್ನು ಕೂಡಿಸಿತೆಂದರೆ, ಆ ಸ್ಥಳದಲ್ಲಿ 5 ಬಂದು ಕೂರುತ್ತಿತ್ತು. ಅಲ್ಲಿಂದ ಮುಂದೆ ಪ್ರೋಗ್ರಾಮಿನಲ್ಲಿ 4 ಎಂದು ಬರೆದಲ್ಲೆಲ್ಲ ಯಂತ್ರವು 5 ಎಂದೇ ತಿಳಿಯುತ್ತಿತ್ತು! ಬರೆದವನು ಸಾಲುಗಳನ್ನು ಎಷ್ಟು ಬಾರಿ ಓದಿದರೂ ತಪ್ಪು ಕಾಣಿಸದು. ಅಲ್ಲಿ 4 ಎಂದೇ ಬರೆದಿರುತ್ತದೆ. ಸೇರು ನೆಗ್ಗಿದ್ದು ಬೇರೆ ಮನೆಯಲ್ಲಿ.

ಇದಕ್ಕೆ ಒಂದು ಪರಿಹಾರವೆಂದರೆ ನಕಲು. ನಿಕ್ಲಾಸ್ ವಿರ್ತ್ ಅವರು 1970ರಲ್ಲಿ ಪ್ರಕಟಿಸಿದ ಪ್ಯಾಸ್ಕಲ್ ಭಾಷೆಯಲ್ಲಿ, ಬೇರೆ ಸೂಚನೆಯಿಲ್ಲದಿದ್ದರೆ, ಫಂಕ್ಷನ್‌ಗೆ ಸಿಗುವುದು ನಕಲೇ. ನಕಲನ್ನು ಹೇಗೆ ತಿದ್ದಿದರೂ ಮೂಲಕ್ಕೆ ಕುಂದಿಲ್ಲ. ಆದರೆ ಹತ್ತು ಲಕ್ಷ ಸಂಖ್ಯೆಗಳ ಪಟ್ಟಿಯನ್ನು ಪ್ರತಿಸಲವೂ ನಕಲು ಮಾಡುವುದೆಂದರೆ ಕಾಲವೂ ವ್ಯರ್ಥ, ಸ್ಥಳವೂ ವ್ಯರ್ಥ.

ಎರಡನೆಯ ಪರಿಹಾರ ವಚನ. ಬಿಯಾರ್ನೆ ಸ್ಟ್ರೌಸ್ಟ್ರಪ್ ಅವರು ರೂಪಿಸಿದ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿ ‘ಕಾನ್ಸ್ಟ್’ ಎಂಬ ಪುಟ್ಟ ಪದವೊಂದಿದೆ. 1989ರ ಸಿ ಭಾಷೆಯ ಪ್ರಮಾಣವೂ ಅದನ್ನು ಅಂಗೀಕರಿಸಿತು. ಮೂಲವಸ್ತುವನ್ನೇ ಒಪ್ಪಿಸಿ, ‘ನೋಡು, ತಿದ್ದಬೇಡ’ ಎಂದು ಫಂಕ್ಷನ್‌ನಿಂದ ಮಾತು ಪಡೆಯುವ ಕ್ರಮವಿದು. ಮಾತು ತಪ್ಪಿದ ಸಾಲು ಕಂಡೊಡನೆ ಕಂಪೈಲರು ತಡೆಯುತ್ತದೆ. ಪ್ರೋಗ್ರಾಮು ಓಡುವ ಮೊದಲೇ ತಪ್ಪು ಹೊರಬೀಳುತ್ತದೆ.

ಆದರೆ ವಚನದ ಅರ್ಥ ಎಲ್ಲೆಡೆಯೂ ಒಂದೇ ಅಲ್ಲ. ಜಾವಾ ಭಾಷೆಯಲ್ಲಿ ಪ್ಯಾರಾಮೀಟರಿಗೆ ‘ಫೈನಲ್’ ಎಂದು ಬರೆದರೆ, ಆ ಹೆಸರಿಗೆ ಬೇರೊಂದು ವಸ್ತುವನ್ನು ಕೊಡುವಂತಿಲ್ಲ, ಅಷ್ಟೆ. ಅದು ಸೂಚಿಸುವ ಪಟ್ಟಿಯೊಳಗಿನ ಸಂಖ್ಯೆಗಳನ್ನು ಬದಲಿಸಲು ಅಡ್ಡಿಯಿಲ್ಲ. ಪೆಟ್ಟಿಗೆಯನ್ನು ಬದಲಿಸಬಾರದೆಂದರೆ, ಒಳಗಿನ ಒಡವೆಯನ್ನು ಮುಟ್ಟಬಾರದೆಂದು ಹೇಳಿದಂತಾಗಲಿಲ್ಲ. ಈ ಅಂತರವನ್ನು ಅರಿಯದೆ ನೆಮ್ಮದಿಯಿಂದಿರುವವನು ಮೋಸಹೋಗುತ್ತಾನೆ.

ಈಚಿನ ಭಾಷೆಗಳಲ್ಲಿ ಎಚ್ಚರಿಕೆಯೇ ನಿಯಮವಾಗಿದೆ. 2014ರಲ್ಲಿ ಬಂದ ಸ್ವಿಫ್ಟ್ ಭಾಷೆಯಲ್ಲಿ ಪ್ಯಾರಾಮೀಟರುಗಳು ತಾವಾಗಿಯೇ ಸ್ಥಿರ. ತಿದ್ದುವ ಅಧಿಕಾರ ಬೇಕಾದವರು ಅದನ್ನು ಬಾಯಿಬಿಟ್ಟು ಕೇಳಬೇಕು. 2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯಂತೂ ಇಂತಹ ಕೊಡುಕೊಳೆಯನ್ನು ‘ಎರವಲು’ ಎಂಬ ಅರ್ಥದ ಪದದಿಂದಲೇ ಕರೆಯುತ್ತದೆ.

ದೊಡ್ಡ ಪ್ರೋಗ್ರಾಮುಗಳಲ್ಲಿ ಲಕ್ಷಾಂತರ ಸಾಲುಗಳಿರುತ್ತವೆ. ಅವನ್ನು ಬರೆದವರು ಒಬ್ಬರನ್ನೊಬ್ಬರು ಕಂಡಿರಲಾರರು. ಒಬ್ಬನು ಬರೆದುದನ್ನೆಲ್ಲ ಇನ್ನೊಬ್ಬನು ಓದಲಾರನು. ಅಲ್ಲಿ ಒಬ್ಬರ ದುಡಿಮೆಯನ್ನು ಮತ್ತೊಬ್ಬರು ನಂಬಿ ನಡೆಯಲು ಇಂತಹ ಪುಟ್ಟ ಪದಗಳೇ ಆಧಾರ. ಎರವಲು ಪಡೆದವನು ಸೇರನ್ನು ಮರಳಿಸಿದರೆ ಸಾಲದು. ಅದು ಸೇರಾಗಿಯೇ ಮರಳಬೇಕು.