ನರಳಿದ ಗಾಲಿ

2019ರ ಮಾಘಮಾಸದ ಒಂದು ಮುಂಜಾನೆ. ಬಂಧುಗಳ ಗೃಹಪ್ರವೇಶದ ನಿಮಿತ್ತ ನಾವು ಮಳವಳ್ಳಿಯಿಂದ ಮದ್ದೂರಿಗೆ, ಅಕ್ಕಿ ಬೆಲ್ಲಗಳ ಮೂಟೆ ಹೇರಿದ್ದ ಪಿಕಪ್ ವಾಹನದಲ್ಲಿ ಹೊರಟಿದ್ದೆವು. ಊರು ದಾಟುತ್ತಲೇ ಹಿಂಬದಿಯಿಂದ ನರಳಿದಂಥ ಧ್ವನಿ ಕೇಳತೊಡಗಿತು. “ಒಂದು ಗಳಿಗೆ ನಿಲ್ಲಿಸಿ ನೋಡುವೆ, ಬುದ್ಧೀ” ಎಂದನು ಚಾಲಕ. “ಮುಹೂರ್ತ ಮೀರುತ್ತದೆ, ನಡೆ” ಎಂದೆವು ನಾವು.

ಮದ್ದೂರು ಸಮೀಪಿಸುವಾಗ ಹಿಂದಿನ ಗಾಲಿಗಳೆರಡೂ ಒಮ್ಮೆಲೇ ಕಚ್ಚಿಕೊಂಡವು. ಉರುಳದೆ ಜಾರುವ ಗಾಲಿಗೆ ಪಕ್ಕದ ಹಿಡಿತವಿರದು. ವಾಹನದ ಹಿಂಭಾಗ ಕಬ್ಬಿನ ಗದ್ದೆಯತ್ತ ಸರಿಯಿತು. ಕ್ಲಚ್ ತುಳಿದರೂ ಗಾಲಿ ಬಿಡಲಿಲ್ಲ. ಚಾಲಕನು ಬ್ರೇಕು ಮುಟ್ಟದೆ, ಹಿಂಭಾಗ ಸರಿದ ಕಡೆಗೇ ಸ್ಟಿಯರಿಂಗನ್ನು ಮೆಲ್ಲನೆ ತಿರುಗಿಸಿ ವಾಹನವನ್ನು ನೇರಕ್ಕೆ ತಂದನು. ಎರಡು ಕರಿಯ ಗೆರೆಗಳನ್ನೆಳೆದು ಅದು ನಿಂತಿತು. ನಾಲ್ಕು ಮಾರು ಮುಂದೆ ಎಳನೀರು ಮಾರುವ ತಾಯಿಯೊಬ್ಬಳು ಕುಳಿತಿದ್ದಳು.

ಮೆಕ್ಯಾನಿಕ್ ಬಂದು ಡಿಫರೆನ್ಷಿಯಲ್ ಬಿಚ್ಚಿ ತೋರಿಸಿದನು. ಎಂಜಿನ್ನಿನ ಬಲವನ್ನು ಹಿಂದಿನ ಗಾಲಿಗಳಿಗೆ ಹಂಚುವ ಆ ಹಲ್ಲುಚಕ್ರಗಳಿಗೆ ಎಣ್ಣೆಯೇ ಜೀವ. ಸವೆದ ಸೀಲಿನಿಂದ ಎಣ್ಣೆ ಸೋರಿ, ಬೇರಿಂಗು ಕಾದು ಕಚ್ಚಿಕೊಂಡಿತ್ತು. ದೋಷವು ಕ್ಲಚ್ಚಿನಿಂದ ಆಚೆಗಿದ್ದುದರಿಂದ ಅದನ್ನು ತುಳಿದು ಫಲವಾಗಲಿಲ್ಲ.

ಗೃಹಪ್ರವೇಶದ ಮನೆಯಲ್ಲಿ ಎಲ್ಲರೂ ಚಾಲಕನನ್ನೇ ಗದರಿದರು. ಆತನು ತಲೆ ತಗ್ಗಿಸಿ ನಿಂತನೇ ಹೊರತು ನಮ್ಮ ಹೆಸರೆತ್ತಲಿಲ್ಲ. ತಪ್ಪು ನಮ್ಮದೆಂದು ನಾವೇ ಹೇಳಬೇಕಾಯಿತು. ಹೇಳುವಾಗ ನಾಲಗೆ ತಡವರಿಸಿತು.

ಓದುಗ ಬಂಧುಗಳೇ, ವಾಹನ ನಿಂತೆಡೆ ಎಣ್ಣೆಯ ಕಲೆ ಕಂಡರೆ, ಓಡುವಾಗ ಹಿಂಬದಿ ನರಳಿದರೆ ಉಪೇಕ್ಷಿಸದಿರಿ. ಬಲ್ಲವನು ನಿಲ್ಲಿಸುವೆನೆಂದಾಗ, ಹಿರಿತನದ ಬಲದಿಂದ ಅವನನ್ನು ಅವಸರಿಸದಿರಿ.